ದೊಣೆಯ ಕುಂಕುಮ

ದೆವ್ವ, ಶಕುನ, ಮೈಮೇಲೆ ಬರುವುದು ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಈಗಲೂ ಬಹುಮಟ್ಟಿಗೆ ಇಲ್ಲ. ಯಾರಾದರೂ ಇಂಥ ಅನುಭವ ಹೇಳತೊಡಗಿದರೆ, ಆಗ ಹೊತ್ತೆಷ್ಟಾಗಿತ್ತು, ದೀಪ ಉರಿಯುತ್ತಿತ್ತೇ, ರಾತ್ರಿ ಏನು ಊಟ ಮಾಡಿದ್ದಿರಿ ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರೆರಚುವುದು ನನ್ನ ಅಭ್ಯಾಸವಾಗಿತ್ತು. ಅಂಥವು ಹೆಚ್ಚಾಗಿ ಕತ್ತಲಲ್ಲೇ ನಡೆದಿರುತ್ತವೆ. ಕತ್ತಲು ಎಂಥವರ ಕಣ್ಣಿಗೂ ಮೋಸ ಮಾಡುತ್ತದೆ. ನನಗಾದದ್ದು ಮಾತ್ರ ಹಾಡುಹಗಲಿನಲ್ಲಿ, ನೆತ್ತಿಯ ಮೇಲೆ ಬಿಸಿಲಿರುವಾಗ, ಅರ್ಧ ಊರಿನ ಜನರ ನಡುವೆ. ಹಾಗಾಗಿ ನನ್ನ ಪ್ರಶ್ನೆಗಳು ನನಗೇ ಉಪಯೋಗಕ್ಕೆ ಬರಲಿಲ್ಲ.

ಆಗ ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮೈಸೂರಿನ ಹಾಸ್ಟೆಲಿನಲ್ಲಿ ಗಂಟೆ ಹೊಡೆದಾಗ ಏಳುವುದು, ಗಂಟೆ ಹೊಡೆದಾಗ ಮಲಗುವುದು ರೂಢಿಯಾಗಿ, ಆ ಗಂಟೆ ತಿಪಟೂರಿಗೂ ನನ್ನ ಜೊತೆಯಲ್ಲೇ ಬಂದುಬಿಟ್ಟಿತ್ತು. ಬೆಳಗಿನ ರೈಲು ಕೂಗುವ ಮುಂಚೆ ಸ್ನಾನ, ಅದು ಕೂಗಿದ ಮೇಲೆ ಕಾಫಿ. ಊರು ನನಗೆ ಹಿಡಿಸಿತ್ತು. ಮಾರುಕಟ್ಟೆಯ ದಿನ ಗಾಡಿಗಳಿಂದ ಉಂಡೆ ಕೊಬ್ಬರಿ ಸುರಿಯುವ ಸದ್ದು, ಬೀದಿಗೆಲ್ಲ ಹಬ್ಬಿದ ಎಣ್ಣೆಯ ಸಿಹಿ ವಾಸನೆ, ಸಂಜೆಯಾದರೆ ಹಿತ್ತಿಲುಗಳಿಂದ ಏಳುವ ಮಟ್ಟೆಯ ಹೊಗೆ. ಈಗಲೂ ಎಲ್ಲಾದರೂ ತೆಂಗಿನ ಮಟ್ಟೆ ಹೊಗೆಯಾಡಿದರೆ ನಾನು ಕೊಡೆ ಹಿಡಿದು ತಿಪಟೂರಿನ ಬಸ್‌ ನಿಲ್ದಾಣದ ಕಡೆ ಬಿರಬಿರನೆ ನಡೆಯುತ್ತಿರುವ ಹಾಗೆ ಅನಿಸುತ್ತದೆ.

ಶನಿವಾರ ಮಧ್ಯಾಹ್ನ ಕಾಲೇಜು ಮುಗಿದ ಮೇಲೆ ಆ ನಡಿಗೆ ರತ್ನಳ ಊರಿಗೆ. ರತ್ನ ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು. ತುರುವೇಕೆರೆ ದಾಟಿ ದಬ್ಬೇಘಟ್ಟದ ಕಡೆ ಹೋಗುವ ಬಸ್ಸಿನಲ್ಲಿ ಒಂದು ಕಡೆ ಇಳಿದು, ತೋಟಗಳ ನಡುವೆ ಸ್ವಲ್ಪ ನಡೆದರೆ ಅವಳ ಗಂಡನ ಊರು. ಊರಿನ ಹೆಸರು ಇಲ್ಲಿ ಬೇಡ. ಅವಳು ಅಲ್ಲಿನ ಶಾಲೆಯಲ್ಲಿ ಟೀಚರಾಗಿದ್ದಳು. ಗಂಡ ಮಾದೇವ ಲಾರಿ ಡ್ರೈವರ್. ತಿಪಟೂರಿನ ಕೊಬ್ಬರಿ ತುಂಬಿಕೊಂಡು ಉತ್ತರದ ಊರುಗಳಿಗೆ ಹೋಗುತ್ತಿದ್ದ. ಹೋದ ಕಡೆಯಲ್ಲೆಲ್ಲ ಅಲ್ಲಿನ ಭಾಷೆಯ ನಾಲ್ಕು ಮಾತು ಕಲಿತು ಬಂದು, ಎಮ್ಮೆಗೆ ಹಿಂದಿಯಲ್ಲಿ ಬೈದು ನಮ್ಮನ್ನು ನಗಿಸುತ್ತಿದ್ದ. ಹಾಗೆ ಹೋದವನು ಒಂದು ಸಲ ಬರಲಿಲ್ಲ. ನಾಗಪುರದ ಆಚೆ ಎಲ್ಲೋ ರಸ್ತೆಯ ಪಕ್ಕ ಲಾರಿ ಸಿಕ್ಕಿತು. ಲೋಡು ಹಾಗೆಯೇ ಇತ್ತು. ಮಾದೇವ ಸಿಗಲಿಲ್ಲ. ಅವನ ತಮ್ಮ ಶಿವಣ್ಣ ಹೋಗಿ ಊರೂರು ಅಲೆದು, ಭಾಷೆ ಬಾರದೆ ಸೋತು, ಅಣ್ಣನ ಚಪ್ಪಲಿಯನ್ನಷ್ಟೇ ತಂದ.

ಇನ್ನು ಆ ಊರಿನ ದೊಣೆಯ ವಿಷಯ ಹೇಳಬೇಕು. ಊರ ಪಕ್ಕದಲ್ಲಿ ಆನೆ ಮಲಗಿದಂಥ ಒಂದು ಬಂಡೆ. ಅದರ ಮೇಲೆ ಮಳೆನೀರು ನಿಲ್ಲುವ ಗುಂಡಿ, ಅದೇ ದೊಣೆ. ಬೇಸಿಗೆಯಲ್ಲಿ ದೊಣೆ ಪೂರ್ತಿ ಒಣಗಿ, ತಳದಲ್ಲಿ ಗಾಯದ ಹಕ್ಕಳೆಯಂಥ ಕಂದುಗೆಂಪು ಪದರ ಉಳಿಯುತ್ತಿತ್ತು. ಮುಂಗಾರಿನ ಮೊದಲ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ನೀರೆಲ್ಲ ಕೆಂಪು. ಅದನ್ನು ಊರಿನವರು 'ಅಮ್ಮ ಕುಂಕುಮ ಕಲಸಿದಳು' ಎನ್ನುತ್ತಿದ್ದರು. ಮುತ್ತೈದೆಯರು ಸಾಲಾಗಿ ಹೋಗಿ ಉಂಗುರದ ಬೆರಳು ಅದ್ದಿ ಹಣೆಗೆ ಇಟ್ಟುಕೊಳ್ಳುತ್ತಿದ್ದರು. ಗಂಡನ ಆಯುಷ್ಯಕ್ಕೆ ಒಂದು ವರ್ಷ ಭದ್ರ ಎಂದು ಅದರ ಅರ್ಥ.

ನನಗೆ ಆ ಹಕ್ಕಳೆಯ ಮೇಲೆ ಕಣ್ಣು ಬಿತ್ತು. ಒಂದು ಬೇಸಿಗೆಯಲ್ಲಿ ಸ್ವಲ್ಪ ಕೆರೆದು ಪೊಟ್ಟಣ ಕಟ್ಟಿ ಲ್ಯಾಬಿಗೆ ತಂದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡು ಬಗೆಯ ಜೀವಿಗಳು. ದಪ್ಪ ಗೋಡೆ ಕಟ್ಟಿಕೊಂಡು ಮುದುಡಿ ಕೂತ ಕೆಂಪು ಪಾಚಿಕಣಗಳು, ಅವುಗಳ ನಡುವೆ ನಾಲ್ಕು ನಾಲ್ಕಾಗಿ ಅಂಟಿಕೊಂಡ ಗುಲಾಬಿ ಬಣ್ಣದ ಬ್ಯಾಕ್ಟೀರಿಯಾ. ಯೋಚಿಸಿ ನೋಡಿ, ಬಂಡೆಯ ಮೇಲಿನ ಏಪ್ರಿಲ್ ಬಿಸಿಲಿನಲ್ಲಿ ಬರಿಗಾಲು ಇಡಲಾಗುವುದಿಲ್ಲ. ಹನಿ ನೀರಿಲ್ಲ, ನೆರಳಿಲ್ಲ. ಅಲ್ಲಿ ಇವು ತಿಂಗಳುಗಟ್ಟಲೆ ಕಾಯುತ್ತವೆ. ಕೆಂಪು ಬಣ್ಣವೇ ಅವುಗಳ ಕೊಡೆ, ಬಿಸಿಲಿನ ವಿಷವನ್ನು ಅದು ಒಳಕ್ಕೆ ಬಿಡುವುದಿಲ್ಲ. ನಾನು ಅವನ್ನು ಒಲೆಯ ಬಿಸಿಯಲ್ಲಿ ಒಣಗಿಸಿದೆ. ಕ್ರಿಮಿಗಳನ್ನು ಕೊಲ್ಲಲೆಂದೇ ಲ್ಯಾಬಿನಲ್ಲಿದ್ದ ನೇರಳಾತೀತ ದೀಪದ ಕೆಳಗೆ ಇಟ್ಟೆ. ನಾವು ಚಹಾ ಕುಡಿದು ಬರುವಷ್ಟರಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಸಾಯುವ ದೀಪ ಅದು. ಇವನ್ನು ಹೊರತೆಗೆದು ನೀರು ಹಾಕಿದರೆ ಮತ್ತೆ ಎದ್ದು ಕೂತವು.

ಇಂಥ ಗಟ್ಟಿ ಜೀವಿಗಳ ಬಗ್ಗೆ ಆಗ ತಿಳಿದಿದ್ದು ಕಡಿಮೆ. ಮಾಂಸದ ಡಬ್ಬಿಗಳಿಗೆ ವಿಕಿರಣ ಹಾಯಿಸಿ ಇನ್ನೇನೂ ಉಳಿದಿಲ್ಲ ಎಂದುಕೊಂಡ ಮೇಲೂ ಒಳಗೆ ಒಂದು ಗುಲಾಬಿ ಬ್ಯಾಕ್ಟೀರಿಯಾ ಬೆಳೆಯುತ್ತಿತ್ತು ಎಂದು ಓದಿದ್ದೆ, ಅಷ್ಟೆ. ಕಾರಣ ಬಹಳ ವರ್ಷಗಳ ನಂತರ ತಿಳಿಯಿತು. ವಿಕಿರಣ ತಾಗಿದರೆ ಜೀವಕೋಶದ ವಂಶತಂತು, ಅಂದರೆ ಡಿಎನ್‌ಎ, ನೂರಾರು ಚೂರಾಗುತ್ತದೆ. ಈ ಜೀವಿ ಆ ಚೂರುಗಳನ್ನು ಮೊದಲಿದ್ದ ಕ್ರಮದಲ್ಲೇ ಮತ್ತೆ ಹೊಲಿದುಕೊಳ್ಳುತ್ತದೆ. ಹೊಲಿಯುವ ಕೈಗಳನ್ನು, ಅಂದರೆ ದುರಸ್ತಿ ಮಾಡುವ ಪ್ರೋಟೀನುಗಳನ್ನು, ಮೊದಲು ಕಾಪಾಡಿಕೊಂಡಿರುತ್ತದೆ, ಅದೇ ಗುಟ್ಟು. ಅಂಥ ವಿಕಿರಣ ನಿಸರ್ಗದಲ್ಲಿ ಎಲ್ಲೂ ಇಲ್ಲ, ಹಾಗಿದ್ದರೆ ಈ ವಿದ್ಯೆ ಎಲ್ಲಿ ಕಲಿಯಿತು? ಒಣಗುವುದರಿಂದ. ನೀರು ಹೋದಾಗಲೂ ತಂತು ಹಾಗೆಯೇ ಚೂರಾಗುತ್ತದೆ. ಒಣಗಿ ಬದುಕಲು ಕಲಿತದ್ದಕ್ಕೆ ಕಿರಣ ದೊಡ್ಡದಲ್ಲ.

ಮಾದೇವ ಕಾಣೆಯಾದ ಮೇಲಿನ ಎರಡು ವರ್ಷ ಮುಂಗಾರು ಕೈಕೊಟ್ಟಿತು. ದೊಣೆಯ ತಳವೂ ಸರಿಯಾಗಿ ನೆನೆಯಲಿಲ್ಲ, ನೀರು ಕೆಂಪಾಗಲಿಲ್ಲ. ರತ್ನಳ ಅತ್ತೆ ಹೊನ್ನಮ್ಮನ ಎದೆಯಲ್ಲಿ ಅದು ನಾಟಿತು. ಆಕೆ ಕೆಟ್ಟವರಲ್ಲ. ಹೋದಾಗಲೆಲ್ಲ ನನ್ನ ತಟ್ಟೆಗೆ ಬೇಡವೆಂದರೂ ಬೆಣ್ಣೆ ಹಾಕುತ್ತಿದ್ದವರು. ಒಂದು ದಿನ ನನ್ನ ಕೈ ಹಿಡಿದು ಅತ್ತರು.

"ನನ್ ಮಗನಿಗೆ ಒಂದ್ ಹನಿ ನೀರ್ ಬುಡೋರಿಲ್ಲ ಕಣ್ ಮೇಡಮ್ಮ. ಎಲ್ಲಿ ಬಾಯಾರ್ಕೊಂಡು ಅಲೀತಾವ್ನೋ. ತಿಥಿ ಮಾಡಿ ಮುಗ್ಸುಮಾ ಅಂದ್ರೆ ಇವ್ಳು ಒಪ್ಪಾಕಿಲ್ಲ. ನೀವಾದ್ರೂ ಒಸಿ ಹೇಳಿ."

ತಿಥಿ ಮಾಡುವುದೆಂದರೆ ರತ್ನಳ ಬಳೆ, ಕುಂಕುಮ ತೆಗೆಯುವುದು. "ಕಣ್ಣಲ್ಲಿ ನೋಡ್ದೆ ಒಡ್ಕೊಳ್ಳಲ್ಲ" ಎಂದು ರತ್ನ ಒಳಗಿನಿಂದಲೇ ಹೇಳಿದಳು.

ಕೊನೆಗೆ ಊರಿನ ಹಿರಿಯರಾದ ಪಟೇಲರು ಒಂದು ತೀರ್ಮಾನ ಕೊಟ್ಟರು. ಈ ಸಲ ಮೊದಲ ಮಳೆಗೆ ಅಮ್ಮ ಕುಂಕುಮ ಕಲಸಿದರೆ ಯಾರೂ ರತ್ನಳ ಹಣೆಯ ಸುದ್ದಿಗೆ ಹೋಗಬಾರದು, ಮುಂದೆಯೂ ಎತ್ತಬಾರದು. ಕಲಸದಿದ್ದರೆ ತಿಥಿ. ರತ್ನ ಅದನ್ನು ಹೇಳಲು ತಿಪಟೂರಿಗೆ ಬಂದಳು. ಮುಖ ಬಾಡಿಹೋಗಿತ್ತು. ನನಗೋ, ಹೇಳಲು ಸಂಕೋಚವಾಗುತ್ತದೆ, ಖುಷಿಯಾಯಿತು. ಅವಳನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ, ಗಾಜಿನ ತಟ್ಟೆಯಲ್ಲಿ ಚಿಟಿಕೆ ಹಕ್ಕಳೆ ಹಾಕಿ ನೀರು ಬಿಟ್ಟೆ. ಒಲೆ, ದೀಪದ ಪರೀಕ್ಷೆಗಳನ್ನೆಲ್ಲ ಹೇಳುತ್ತಾ ಕೂತೆ. ಸಂಜೆಯ ಹೊತ್ತಿಗೆ ನೀರು ಕೆಂಪಾಗತೊಡಗಿತು.

"ಒಪ್ಕೋ" ಎಂದೆ. "ಮಳೆ ಬಿದ್ದರೆ ಸಾಕು, ಇದು ಕೆಂಪಾಗಿಯೇ ಆಗುತ್ತೆ. ಇದನ್ನ ಕೊಲ್ಲೋದಕ್ಕೆ ಯಾರಿಂದಲೂ ಸಾಧ್ಯವಿಲ್ಲ."

ರತ್ನ ತಟ್ಟೆಯನ್ನೇ ನೋಡುತ್ತಾ, "ಅಮ್ಮನ ಕುಂಕುಮ ತಂದು ಬಾಣ್ಲೇಲಿ ಹುರಿದಿದೀಯಲ್ಲೇ ಪಾಪಿ" ಎಂದು ಎಷ್ಟೋ ತಿಂಗಳ ಮೇಲೆ ನಕ್ಕಳು. ಊರಿಗೆ ಹೋಗಿ ಒಪ್ಪಿಗೆ ಹೇಳಿದಳು.

ಮೋಡ ಕಟ್ಟತೊಡಗಿದ ಒಂದು ಶನಿವಾರ ನಾನು ಎಂದಿನ ಬಸ್ಸಿನಲ್ಲಿ ಹೋದೆ. ಊರ ಬಾಯಲ್ಲೇ ಶಿವಣ್ಣ ಸಿಕ್ಕಿದ. ಮೈಯೆಲ್ಲ ಸುಣ್ಣ, ಮುಖದ ತುಂಬ ನಗು.

"ಬನ್ರಿ ಮೇಡಂ, ದೊಣೆ ನೋಡಿವ್ರಂತೆ. ನಿಮ್ ಲ್ಯಾಬೂ ಇಷ್ಟು ಕ್ಲೀನಾಗಿರಾಕಿಲ್ಲ!"

ಬಂಡೆ ಹತ್ತಿ ನೋಡಿದೆ. ದೊಣೆಯೊಳಗೆ ಒಣ ಗರಿ, ಮಟ್ಟೆ ತುಂಬಿ ಬೆಂಕಿ ಹಾಕಿದ್ದರು. ಆಮೇಲೆ ಸನಿಕೆಯಿಂದ ಹೆರೆದು, ಸುಣ್ಣ ಹಾಕಿ, ತೆಂಗಿನ ನಾರಿನಿಂದ ಉಜ್ಜಿ, ತೊಳೆದು, ಬಳಿದು ಎಸೆದಿದ್ದರು. ತಳ ಬೆಳ್ಳಗೆ ಹೊಳೆಯುತ್ತಿತ್ತು. ಕೆಂಪು ಪದರದ ಒಂದು ಚೂರೂ ಉಳಿದಿರಲಿಲ್ಲ.

"ಯಾಕಪ್ಪಾ ಇದು?" ಎಂದೆ.

"ಅತ್ತಿಗೆಗೋಸ್ಕರ ಕಣ್ರೀ. ಎರಡು ವರ್ಷದಿಂದ ಅಮ್ಮ ಯಾಕೆ ಕಲಸ್ಲಿಲ್ಲ? ದನ ಇಳ್ದು, ಕುಡುಕ್ರು ಕೈಕಾಲ್ ತೊಳ್ದು ಗಲೀಜಾಗಿತ್ತು. ತಳದಾಗೆ ಒಂದ್ ಬೆರಳು ಕೊಳೆ ಕುಂತಿತ್ತು, ಥೂ! ಎಲ್ಲಾ ಕೆರ್ದಾಕ್ದೆ. ನಮ್ಮಣ್ಣ ಇಲ್ಲ ಅಂತ ಒಪ್ಕಳಾಕೆ ನನಗಾದ್ರೂ ಮನಸಾಯ್ತದಾ?"

ಆ ಕೊಳೆಯೇ ನಿಮ್ಮ ಕುಂಕುಮ ಎಂದು ಅವನಿಗೆ ಹೇಗೆ ಹೇಳುವುದು? ಅಮ್ಮ ಬರಲಿ ಎಂದು ಮನೆ ಗುಡಿಸುವ ಭರದಲ್ಲಿ ಅಮ್ಮನನ್ನೇ ಗುಡಿಸಿ ಹಾಕಿದ್ದ.

ಮನೆಯಲ್ಲಿ ರತ್ನಳಿಗೆ ಪಿಸುಗುಟ್ಟಿ ವಿಷಯ ತಿಳಿಸಿದೆ. ಅವಳ ಕಣ್ಣು ತುಂಬಿತು. "ಹೆದರಬೇಡ, ನನ್ನ ಹತ್ತಿರ ಇದೆ" ಎಂದೆ. ಲ್ಯಾಬಿನ ಬೀರುವಿನಲ್ಲಿ ಬೀಗ ಹಾಕಿ ಇಟ್ಟ ಪೊಟ್ಟಣ ನನ್ನ ಮನಸ್ಸಿನಲ್ಲಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ತಂದು, ಯಾರೂ ಇಲ್ಲದಾಗ ದೊಣೆಗೆ ಉದುರಿಸಿದರೆ ಆಯಿತು ಎಂದು ಲೆಕ್ಕ ಹಾಕಿದ್ದೆ. ಅಷ್ಟರಲ್ಲಿ ಹೊನ್ನಮ್ಮ ಒಳಗೆ ಬಂದರು, ಮಾತು ಅಲ್ಲಿಗೇ ನಿಂತಿತು.

ದೀಪ ಹಚ್ಚುವ ಹೊತ್ತಿಗೆ ಮಳೆ ಬಂತು. ಹೆಂಚು ಹಾರುವಂಥ ಗಾಳಿ, ಗುಡುಗು. ತೋಟದಲ್ಲಿ ಕಾಯಿ ಬೀಳುವ ಸದ್ದು. ಎಲ್ಲರೂ ಮಳೆ ಎಂದು ಸಂಭ್ರಮ ಪಡುತ್ತಿದ್ದರೆ ನಾನು ಗೋಡೆ ನೋಡುತ್ತಾ ಮಲಗಿದ್ದೆ. ಬೆಳಿಗ್ಗೆ ಎದ್ದರೆ ಹಳ್ಳ ರಸ್ತೆಯ ಮೇಲೆ ಹರಿಯುತ್ತಿತ್ತು, ಬಸ್ಸಿಲ್ಲ.

ಬಂಡೆಯ ಮೇಲೆ ಆಗಲೇ ಜನ ಸೇರಿದ್ದರು. ದೊಣೆ ತುಂಬಿತ್ತು. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಸುಣ್ಣದ ಗೀರುಗಳೂ ಕಾಣುತ್ತಿದ್ದವು. ನಾನು ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಬೆರಳು ಅದ್ದಿ ನೋಡಿದೆ. ಸುಣ್ಣದ ಜಾರು ಇನ್ನೂ ಇತ್ತು. ಇದರಲ್ಲಿ ಏನೂ ಬದುಕುವ ಹಾಗಿರಲಿಲ್ಲ. ಹೊನ್ನಮ್ಮ ನೀರನ್ನು ನೋಡಿದವರೇ ಅಲ್ಲೇ ಕುಸಿದು, "ಹೋದ್ಯಾ ಮಗನೇ" ಎಂದರು. ಅಲ್ಲಿಯವರೆಗೆ ತಿಥಿ ತಿಥಿ ಎನ್ನುತ್ತಿದ್ದವರು. ಅವರಿಗೂ ಒಳಗೊಳಗೆ ಆಸೆ ಇತ್ತೆಂದು ನನಗೆ ಆಗ ತಿಳಿಯಿತು. ಶಿವಣ್ಣ ಬಂಡೆಯ ಆ ಕಡೆ ಹೋಗಿ ಬೆನ್ನು ಮಾಡಿ ನಿಂತ.

"ಅವಸರ ಮಾಡ್ಬ್ಯಾಡ್ರಿ" ಎಂದರು ಪಟೇಲರು. "ಬಿಸ್ಲು ನೆತ್ತಿಗೆ ಬರ್ಲಿ. ಯಾರೂ ನೀರ್ ಹತ್ರ ಹೋಗ್‌ಕೂಡ್ದು. ಮಕ್ಳನ್ನ ಹಿಡ್ಕಳ್ರಿ."

ಎಲ್ಲರೂ ದೂರ ಸರಿದು ಕೂತೆವು. ಮೋಡ ಚದುರಿ ಬಿಸಿಲು ಬಂತು, ಬಂಡೆಯಿಂದ ಹಬೆ ಏಳತೊಡಗಿತು. ನಾನು ನೀರಿನಿಂದ ಕಣ್ಣು ತೆಗೆಯಲಿಲ್ಲ. ರತ್ನಳಿಗೆ 'ಒಪ್ಕೋ' ಎಂದವಳು ನಾನು. ಅವಳು ಮಾತ್ರ ಪಕ್ಕದಲ್ಲಿ ಯಾರದೋ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ತಲೆ ಬಾಚಿ ಜಡೆ ಹಾಕುತ್ತಿದ್ದಳು. ಅವಳ ಮುಖದಲ್ಲಿ ಆತಂಕದ ಸುಳಿವೂ ಇರಲಿಲ್ಲ. ಹಿಂದಿನ ದಿನ ಅತ್ತವಳು ಇವಳೇನಾ ಎನಿಸಿತು.

ಬಿಸಿಲು ನೆತ್ತಿಗೆ ಬಂದಾಗ ಅದು ಆಯಿತು. ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಮೊದಲು ನೀರಿನ ನಡುಮಧ್ಯದಲ್ಲಿ ಹೊಳಪು ಕಡಿಮೆಯಾಯಿತು, ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗೆ. ಮೋಡದ ನೆರಳೆಂದು ತಲೆ ಎತ್ತಿದೆ, ಮೋಡವಿರಲಿಲ್ಲ. ಮತ್ತೆ ನೋಡುವಾಗ ಅಲ್ಲಿ ತೆಳುಗೆಂಪು. ಅದು ಅಂಚಿನಿಂದ ಬರಲಿಲ್ಲ, ತಳದಿಂದ ಏಳಲಿಲ್ಲ. ನಡುವಿನಿಂದ ಎಲ್ಲ ಕಡೆಗೂ ಸಮನಾಗಿ ಹರಡಿತು. ಎಲೆಯಡಿಕೆ ಹಾಕಿಕೊಂಡವರು ಉಗುಳಲು ಏಳುವಷ್ಟು ಹೊತ್ತೂ ಆಗಿರಲಿಲ್ಲ, ಸುಣ್ಣದ ತಳ ಕಾಣದಾಯಿತು. ದೊಣೆಯ ತುಂಬ ಗಾಢವಾದ ಕುಂಕುಮದ ಬಣ್ಣ. ಪಟೇಲರು ರುಮಾಲು ತೆಗೆದು ಕೈಯಲ್ಲಿ ಹಿಡಿದರು. ಹೊನ್ನಮ್ಮ ಎದ್ದು ಬಂದು, ತಮ್ಮ ಕೈಯಾರೆ ಆ ನೀರು ಮುಟ್ಟಿ ಸೊಸೆಯ ಹಣೆಗೆ ಇಟ್ಟರು. ಬೊಟ್ಟು ಮೂಗಿನವರೆಗೂ ಇಳಿಯಿತು.

ನಾನು ಔಷಧಿಯ ಶೀಶೆ ತೊಳೆದು ಅದರಲ್ಲಿ ನೀರು ತುಂಬಿಕೊಂಡೆ. ಸೋಮವಾರ ಲ್ಯಾಬಿಗೆ ಹೋದವಳು ಮೊದಲು ಬೀರು ತೆಗೆದೆ, ಪೊಟ್ಟಣ ಇದ್ದ ಹಾಗೇ ಇತ್ತು. ನೀರಿನ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟೆ. ಕೆಮ್ಮಣ್ಣಲ್ಲ, ಬಣ್ಣದ ಪುಡಿಯಲ್ಲ. ಅವೇ ಕೆಂಪು ಕಣಗಳು, ಸಾವಿರಾರು, ಜೀವಂತ. ಕೆಲವು ಬಾಲ ಬಡಿಯುತ್ತಾ ಈಜುತ್ತಿದ್ದವು. ನಡುನಡುವೆ ನಾಲ್ಕು ನಾಲ್ಕಾಗಿ ಗುಲಾಬಿ ಬ್ಯಾಕ್ಟೀರಿಯಾ.

ಬಂಡೆಯ ಬಿರುಕಿನಲ್ಲಿ ಕೆಲವು ಉಳಿದಿರಬಹುದು, ಒಪ್ಪುತ್ತೇನೆ. ಕಲ್ಲಿನ ಒಳಗೇ ವಾಸಿಸುವ ಸೂಕ್ಷ್ಮಜೀವಿಗಳಿವೆ ಎಂದು ಆಮೇಲೆ ಓದಿದ್ದೇನೆ. ಆದರೆ ಉಳಿದ ಹಿಡಿಯಷ್ಟು ಕಣಗಳು ದೊಣೆ ತುಂಬುವಷ್ಟಾಗಲು ದಿನಗಳು ಬೇಕು, ಅದೂ ಮೊದಲು ಹಸಿರಾಗಿ ಬೆಳೆದು, ನೀರು ಬತ್ತಿದ ಮೇಲೆ ಕೆಂಪಾಗುತ್ತವೆ. ಬೇಸಿಗೆಯ ಹಕ್ಕಳೆಯಲ್ಲಾದರೆ ಕೋಟ್ಯಂತರ ಕಣಗಳು ಆಗಲೇ ಕೆಂಪಾಗಿ ಕೂತಿರುತ್ತವೆ. ಸುಣ್ಣದ ನೀರಿನಲ್ಲಿ, ಕಣ್ಣೆದುರಿಗೆ, ಒಂದು ಮಧ್ಯಾಹ್ನದಲ್ಲಿ ಇದು ಆಗುವುದಿಲ್ಲ. ಹಾಗಾದರೆ ಯಾರೋ ಹಾಕಿರಬೇಕು. ನನಗೆ ಅನುಮಾನ ಬಂದದ್ದು ರತ್ನಳ ಮೇಲೆ. ಲ್ಯಾಬಿನಲ್ಲಿ ನಾನು ಮಾಡಿದ್ದನ್ನು ನೋಡಿಕೊಂಡು ಹೋದವಳು, ಶಿವಣ್ಣ ತೊಳೆಯುವ ಮುಂಚೆಯೇ ಸ್ವಲ್ಪ ಕೆರೆದು ಇಟ್ಟುಕೊಂಡಿರಬೇಕು, ಹೇಗೋ ಹಾಕಿರಬೇಕು. ಇಲ್ಲದಿದ್ದರೆ ಅವತ್ತು ಅಷ್ಟು ನಿಶ್ಚಿಂತೆಯಿಂದ ಜಡೆ ಹಾಕುತ್ತಾ ಕೂರಲು ಸಾಧ್ಯವೇ? ನಾನು ಕೇಳಲಿಲ್ಲ. ಕೇಳಿದರೆ ಅವಳು ಸುಳ್ಳು ಹೇಳಬೇಕಾಗುತ್ತಿತ್ತು. ಮಾಡಿದ್ದರೂ ಸರಿಯಾಗಿಯೇ ಮಾಡಿದಳು ಎಂದುಕೊಂಡು ಆ ಅಧ್ಯಾಯ ಮುಚ್ಚಿದೆ.

ಮಾದೇವನ ಸುದ್ದಿ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಪಟೇಲರ ತೀರ್ಮಾನವನ್ನು ಊರು ಉಳಿಸಿಕೊಂಡಿತು, ರತ್ನಳ ಹಣೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ಹೊನ್ನಮ್ಮ ಮಗ ಬರುತ್ತಾನೆಂದೇ ನಂಬಿ ಕಣ್ಣು ಮುಚ್ಚಿದರು. ರತ್ನ ಮುಂದೆ ತಿಪಟೂರಿಗೆ ವರ್ಗವಾಗಿ ಬಂದು, ಅಲ್ಲೇ ಒಂದು ಚಿಕ್ಕ ಮನೆ ಮಾಡಿ, ಅಲ್ಲೇ ನಿವೃತ್ತಳಾದಳು. ನಾನು ಬೇರೆ ಊರು ಸೇರಿದರೂ ವರ್ಷಕ್ಕೊಮ್ಮೆ ಹೋಗಿ ಅವಳ ಜೊತೆ ಇದ್ದು ಬರುತ್ತೇನೆ.

ಈಚೆಗೆ ಹೋದಾಗ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ಮಾತು ಹಾಸ್ಟೆಲಿನಿಂದ ಶುರುವಾಗಿ ಆ ಬಂಡೆಗೆ ಬಂತು. ರತ್ನ ತಲೆ ಎತ್ತದೆ ಹೇಳಿದಳು.

"ಒಂದ್ ಮಾತು ಹೇಳಿರ್ಲಿಲ್ಲ ಕಣೇ ನಿಂಗೆ. ಆ ಮಳೆಗಾಲ ಮುಗಿಯೋ ಹೊತ್ಗೇ ನಾನು ಅವರಿಗೆ ಎಳ್ಳುನೀರು ಬಿಟ್ಟೆ. ಒಬ್ಳೇ ಕೆರೆಗೆ ಹೋಗಿ. ಪ್ರತಿ ವರ್ಷಾನೂ ಬಿಡ್ತಿದೀನಿ. ಕುಂಕುಮ ಅವರ ಹೆಸರಿಂದಲ್ಲ, ನಿನ್ನ ಉಪಕಾರ ಅಂತ ಇಟ್ಕೊಂಡಿದ್ದು."

"ನನ್ನ ಉಪಕಾರವೇ?"

"ಇನ್ನೇನು ಮತ್ತೆ? ನನ್ನ ಹತ್ತಿರ ಇದೆ ಅಂದ್ಯಲ್ಲ. ಬೆಳಿಗ್ಗೆ ಬಗ್ಗಿ ನೀರು ಮುಟ್ಟಿದ್ಯಲ್ಲ, ಆಗ ಹಾಕಿದೆ ಅಂತ ನಂಗೆ ಗೊತ್ತಾಯ್ತು ಬುಡು. ಅದಕ್ಕೇ ಧೈರ್ಯವಾಗಿ ಕೂತಿದ್ದೆ."

ನಾನು ಕೈಯಲ್ಲಿದ್ದ ಕಾಯಿ ಕೆಳಗಿಟ್ಟೆ. "ರತ್ನ, ನನ್ನ ಹತ್ತಿರ ಅಂದರೆ ಲ್ಯಾಬಿನಲ್ಲಿ. ಬ್ಯಾಗಿನಲ್ಲಿ ಏನೂ ಇರಲಿಲ್ಲ. ನೀನೇ ಹಾಕಿದೆ ಅಂತ ನಾನು ಇಷ್ಟು ವರ್ಷ..."

ಅವಳು ನನ್ನ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿದ್ದೇನೆಯೇ ಎಂದು ನೋಡಿದಳು. ಹಾಸ್ಟೆಲಿನ ದಿನಗಳಿಂದ ನನ್ನನ್ನು ಬಲ್ಲವಳು, ಅಲ್ಲವೆಂದು ಅವಳಿಗೆ ತಿಳಿಯಿತು. ಸುಲಿದ ಕಾಳನ್ನು ಪಕ್ಕಕ್ಕೆ ಸರಿಸಿ ಕೇಳಿದಳು. "ಹಂಗಾದ್ರೆ ಅವತ್ತು ಅವರು ಬದುಕಿದ್ರೇನೇ?"

ಸೂಕ್ಷ್ಮಜೀವಿಗಳ ಬಗ್ಗೆ ನನಗೆ ತಿಳಿದದ್ದನ್ನೆಲ್ಲ ಮೇಲೆ ಬರೆದಿದ್ದೇನೆ. ಅದರಲ್ಲಿ ಎಲ್ಲೂ ಅವಳ ಪ್ರಶ್ನೆಗೆ ಉತ್ತರವಿಲ್ಲ. ಆ ಮಧ್ಯಾಹ್ನಕ್ಕೂ ಇಲ್ಲ. ಅವಳು ಅವರೆಕಾಳು ತೊಳೆದಳು, ಸಾರು ಮಾಡಿದಳು, ಊಟಕ್ಕೆ ಬಡಿಸಿದಳು. ಮಲಗುವ ಮುಂಚೆ ನಾನು ಎದ್ದು ಬೀದಿಬಾಗಿಲಿನ ಚಿಲಕ ಹಾಕಲು ಹೋದೆ.

"ಹಾಕ್ಬೇಡ, ತೆಗ್ದೇ ಇರ್ಲಿ ಬುಡೇ" ಎಂದಳು ಒಳಗಿನಿಂದ.